ಕಿಟಕಿ ಪಕ್ಕದ ಎರಡು ಸೀಟು

"ನಾನು ಪಕ್ಕದಲ್ಲೇ ಇರ್ತೀನಿ. ಆದ್ರೆ ಏನೂ ಹೇಳಲ್ಲ. ನೀನು ಕೇಳಿದ್ರೂ ಹೇಳಲ್ಲ," ಎಂದಳು ತಂಗಿ, ಊಟದ ಮೇಜಿನ ಮೇಲಿದ್ದ ಲ್ಯಾಪ್‌ಟಾಪನ್ನು ಅಕ್ಕನ ಕಡೆಗೆ ತಿರುಗಿಸುತ್ತ.

ಅಕ್ಕ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಕುರ್ಚಿಯ ತುದಿಯಲ್ಲಿ ಕುಳಿತಳು, ಯಾವಾಗ ಕರೆ ಬಂದರೂ ಏಳುವವಳ ಹಾಗೆ. "ನೀನು ಬಾಯಿ ಮುಚ್ಕೊಂಡು ಕೂರೋದನ್ನ ನೋಡೋಕಾದ್ರೂ ಇದನ್ನ ಮಾಡ್ಬೇಕು ಕಣೇ. ನೀನು ಹುಟ್ಟಿದಾಗಿಂದ ಆ ಭಾಗ್ಯ ಸಿಕ್ಕಿಲ್ಲ."

"ಮೆಲ್ಲಗೆ ಅಕ್ಕ. ಅವರು ಈಗಷ್ಟೇ ಮಲಗಿದ್ದಾರೆ."

ಒಳಗಿನ ಕೋಣೆಯಲ್ಲಿ ತಂಗಿಯ ಗಂಡ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ. ಆ ಮನೆಯಲ್ಲಿ ಹಗಲಿನ ಮಾತೆಲ್ಲ ಪಿಸುಮಾತೇ. ಪಾತ್ರೆ ಇಡುವಾಗಲೂ ಕೆಳಗೊಂದು ಬಟ್ಟೆ ಹಾಸುವುದನ್ನು ಅಕ್ಕ ರೂಢಿ ಮಾಡಿಕೊಂಡಿದ್ದಳು. ನಗು ಬಂದರೆ ಇಬ್ಬರೂ ಅಡುಗೆಮನೆಗೆ ಹೋಗಿ ನಕ್ಕು ಬರುತ್ತಿದ್ದರು. ಈಚೆಗೆ ಅಷ್ಟು ದೂರ ಹೋಗುವ ಪ್ರಸಂಗವೂ ಕಡಿಮೆಯಾಗಿತ್ತು.

ತಂಗಿ ವೆಬ್‌ಸೈಟುಗಳನ್ನು ವಿನ್ಯಾಸ ಮಾಡುವವಳು. ಈ ಸಲದ್ದು ಪ್ರವಾಸದ ಸೈಟು. ನಿಮಗೇನು ಇಷ್ಟ, ಎಷ್ಟು ನಡೆಯಬಲ್ಲಿರಿ, ಬೆಳಿಗ್ಗೆ ಬೇಗ ಏಳುತ್ತೀರೋ ಇಲ್ಲವೋ ಎಂದೆಲ್ಲ ಕೇಳಿಕೊಂಡು, ನಿಮ್ಮ ಮೈಗೆ ಹೊಲಿದ ಅಂಗಿಯಂಥ ಪ್ರವಾಸವೊಂದನ್ನು ಅದು ಜೋಡಿಸಿ ಕೊಡಬೇಕು. ತಿಂಗಳುಗಟ್ಟಲೆ ಅದರ ಹಿಂದೆಯೇ ಬಿದ್ದು ಅವಳ ಕಣ್ಣಿನ ಕೆಳಗೆ ಕಪ್ಪು ಕೂತಿತ್ತು. ನಾಳೆ ಬೆಳಿಗ್ಗೆ ಸೈಟನ್ನು ಜನರಿಗೆ ಬಿಡಬೇಕು. ಅದಕ್ಕೆ ಮೊದಲು ನಾಲ್ಕಾರು ಹೊಸಬರ ಕೈಗೆ ಕೊಟ್ಟು, ಅವರು ಎಲ್ಲಿ ಎಡವುತ್ತಾರೆ ಎಂದು ಸುಮ್ಮನೆ ಕುಳಿತು ನೋಡುವುದು ಈ ಕೆಲಸದ ಪದ್ಧತಿ. ನೋಡುವವರು ತುಟಿ ಬಿಚ್ಚುವಂತಿಲ್ಲ. ಸಹಾಯ ಮಾಡಿದರೆ ಪರೀಕ್ಷೆ ಕೆಟ್ಟ ಹಾಗೆಯೇ.

ಆಫೀಸಿನ ಹುಡುಗ ಹುಡುಗಿಯರೆಲ್ಲ ಬೆಣ್ಣೆಯಿಂದ ಕೂದಲು ತೆಗೆದಂತೆ ಮುಗಿಸಿದ್ದರು. ಐವತ್ತು ದಾಟಿದವರೊಬ್ಬರು ಬೇಕೇ ಬೇಕೆಂದು ಮ್ಯಾನೇಜರ್ ಹಟ ಹಿಡಿದಿದ್ದ. ಬರುತ್ತೇನೆಂದಿದ್ದ ನಿವೃತ್ತ ಮೇಷ್ಟ್ರು ಮಂಡಿನೋವೆಂದು ಕೈಕೊಟ್ಟರು. ಆಗ ಅವಳ ಕಣ್ಣು ಬೀನ್ಸ್ ಹೆಚ್ಚುತ್ತಿದ್ದ ಅಕ್ಕನ ಮೇಲೆ ಬಿತ್ತು.

"ಏನ್ ಮಾಡ್ಬೇಕೀಗ? ಸುಮ್ನೆ ಆಟಾನಾ, ನಿಜವಾಗ್ಲೂನಾ?"

"ನಿಜ ಅಂದ್ಕೊಂಡೇ ಮಾಡು. ನೀನು ಎಲ್ಲಿಗಾದ್ರೂ ಹೋಗ್ಬೇಕು ಅಂತಿದ್ರೆ ಹೇಗೆ ಮಾಡ್ತೀಯೋ ಹಾಗೆ. ಮನಸ್ಸಿಗೆ ಬಂದಿದ್ದನ್ನ ಜೋರಾಗಿ... ಅಂದ್ರೆ, ಮೆಲ್ಲಗೆ ಹೇಳ್ತಾ ಇರು."

ಅಕ್ಕ ಕನ್ನಡಕ ಏರಿಸಿದಳು. ಹಿಂದೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದವಳು. ಮೌಸನ್ನು ಕೂಡ ಬಟ್ಟೆ ಸರಿಸುವ ಹಾಗೆ ಅಂಗೈಯಗಲ ಮಾಡಿ ಹಿಡಿದಳು. ತಂಗಿಗೆ ಮಗಳು ಹುಟ್ಟಿದಾಗ, 'ಒಂದೆರಡು ತಿಂಗಳು ಇದ್ದು ಹೋಗ್ತೀನಿ' ಎಂದು ಬಂದಿದ್ದಳು. ಹೋಗುವ ಮಾತನ್ನು ಅವಳೂ ಎತ್ತಲಿಲ್ಲ, ತಂಗಿಯೂ ಕೇಳಲಿಲ್ಲ. ಮಗು ಈಗ ಒಂದನೇ ತರಗತಿ.

"ಬೆಟ್ಟವೋ ಕಡಲೋ ಅಂತ ಕೇಳ್ತಿದೆ. ಬೆಟ್ಟ ಯಾರು ಹತ್ತುತ್ತಾರೆ! ಕಡಲು." ಒತ್ತಿದಳು. "ದಿನ ಹೇಗಿರಬೇಕು... ತುಂಬಾ ಜಾಗ ನೋಡೋದು, ಕೆಲವು ಜಾಗ, ನಿಧಾನ. ನಿಧಾನ ಅಂತ ಇದೆಯಲ್ಲೇ! ನೀನೇ ಹಾಕಿದ್ದಾ?"

ತಂಗಿ ಪೆನ್ನನ್ನು ತುಟಿಗೆ ಅಡ್ಡ ಹಿಡಿದಳು.

"ಓ, ಮರೆತೆ. ನೀನೀಗ ಗೋಡೆ."

ತಂಗಿ ನಗುವನ್ನು ನುಂಗಿಕೊಂಡು ಕಾಗದದಲ್ಲಿ ಗುರುತು ಹಾಕಿಕೊಂಡಳು. ತಲೆನೋವು ಬೆಳಗಿನಿಂದ ಹಣೆಯ ಬಲಭಾಗದಲ್ಲಿ ಮನೆ ಮಾಡಿತ್ತು. ಇದೊಂದು ಮುಗಿದರೆ ಮಗು ಶಾಲೆಯಿಂದ ಬರುವ ತನಕ ಸ್ವಲ್ಪ ಹೊತ್ತು ಒರಗಬಹುದು. ಮಗುವನ್ನು ಕರೆತರಲು ಹೇಗೂ ಅಕ್ಕ ಹೋಗುತ್ತಾಳೆ.

ಕ್ಯಾಲೆಂಡರ್ ಬಂತು. ಅಕ್ಕ ಯೋಚಿಸಲೇ ಇಲ್ಲ. ಮುಂದಿನ ತಿಂಗಳಿಗೆ ಹೋಗಿ, ಶಾಲೆಯ ಪರೀಕ್ಷೆ ಮುಗಿಯುವ ಮಾರನೆಯ ದಿನವನ್ನು ಒತ್ತಿದಳು. ತಂಗಿಯ ಪೆನ್ನು ನಿಂತಿತು. ಹಿಂತಿರುಗುವ ದಿನಕ್ಕೆ ಅಕ್ಕ ಪುಟ ತಿರುಗಿಸಿದಳು. ಇನ್ನೊಂದು ಪುಟ ತಿರುಗಿಸಿದಳು. ಸ್ವಲ್ಪ ಹೊತ್ತು ಆ ತಿಂಗಳನ್ನೇ ನೋಡುತ್ತ ಕುಳಿತು, ಮತ್ತೆ ಒಂದು ಪುಟ ಹಿಂದೆ ಬಂದು ಕೊನೆಯ ವಾರದಲ್ಲಿ ಬೆರಳಿಟ್ಟಳು. "ಇಷ್ಟು ಸಾಕು," ಎಂದಳು, ಯಾರಿಗೋ ರಿಯಾಯಿತಿ ಕೊಟ್ಟವಳ ಹಾಗೆ.

ಮುಂದಿನ ಪುಟ: ಎಷ್ಟು ಜನ ಹೋಗುತ್ತೀರಿ?

ನಡುವೆ ಎರಡು ಎಂಬ ಅಂಕಿ. ಒಂದು ಕಡೆ ಕೂಡುವ ಗುರುತು, ಇನ್ನೊಂದು ಕಡೆ ಕಳೆಯುವ ಗುರುತು. ಅಕ್ಕ ಕಳೆಯುವುದನ್ನು ಒತ್ತಿದಳು. ಎರಡು ಎರಡಾಗಿಯೇ ಇತ್ತು. ಮತ್ತೆ ಒತ್ತಿದಳು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಒತ್ತಿದಳು.

"ಇದು ಕೆಟ್ಟಿದೆ ಕಣೇ."

ಕೆಟ್ಟಿರಲಿಲ್ಲ. ಎರಡಕ್ಕಿಂತ ಕೆಳಗೆ ಇಳಿಯದ ಹಾಗೆ ಅದನ್ನು ಕಟ್ಟಿದವಳು ತಂಗಿಯೇ. 'ಕೋಣೆಗಳೆಲ್ಲ ಇಬ್ಬರ ಲೆಕ್ಕದಲ್ಲೇ ಇರೋದು. ಒಂಟಿಯಾಗಿ ಯಾರು ಹೋಗ್ತಾರೆ? ಹೋಗೋ ಹುಡುಗರಿಗೆ ನಮ್ಮ ಸೈಟ್ ಬೇಕಾಗಿಲ್ಲ,' ಎಂದಿದ್ದ ಮ್ಯಾನೇಜರ್. ತಂಗಿಗೂ ಸರಿಯೆನಿಸಿತ್ತು. ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕುವಷ್ಟರಲ್ಲಿ ಆ ಗುರುತಿಗೆ ಬೂದು ಬಣ್ಣ ಬಳಿದು ಮುಗಿಸಿದ್ದಳು.

ಅಕ್ಕ ತಿರುಗಿ ಅವಳ ಮುಖ ನೋಡಿದಳು. ಸಣ್ಣವರಿದ್ದಾಗ ದಾರಿ ತಪ್ಪಿದರೆ ತಂಗಿ ಹಾಗೆ ಅಕ್ಕನ ಮುಖ ನೋಡುತ್ತಿದ್ದಳು. ಈಗ ನಿಯಮ ಅಡ್ಡ ಬಂತು. ನಿಯಮ ಇದ್ದದ್ದು ಒಳ್ಳೆಯದೇ ಆಯಿತೆನಿಸಿತು ತಂಗಿಗೆ. ಆ ಗುರುತು ಕೆಲಸ ಮಾಡದೆ ಇದ್ದುದಕ್ಕೆ ಎದೆಯೊಳಗೆ ಏನೋ ಹಗುರವಾಗಿತ್ತು. ಹಗುರವಾದದ್ದು ಗೊತ್ತಾಗುತ್ತಲೇ ಮುಖಕ್ಕೆ ಬಿಸಿ ಏರಿ, ಅವಳು ಕಾಗದದ ಮೇಲೆ ತಲೆ ಬಗ್ಗಿಸಿದಳು.

"ಸರಿ, ನೀನೂ ಹೇಳಲ್ಲ, ಇದೂ ಕೇಳಲ್ಲ. ಎರಡು ಅಂದ್ರೆ ಎರಡು."

ಮೊದಲ ಪ್ರಯಾಣಿಕರ ಹೆಸರು ಕೇಳಿತು. ಅಕ್ಕ ಒಂದೊಂದೇ ಅಕ್ಷರ ಹುಡುಕಿ ತನ್ನ ಹೆಸರು ಬರೆದಳು. ಎರಡನೆಯವರ ಹೆಸರು ಕೇಳಿತು. ಅಕ್ಕ ಗಲ್ಲಕ್ಕೆ ಕೈಯಿಟ್ಟು ಯೋಚಿಸಿದಳು. ತಂಗಿ ಕಾದಳು: ತನ್ನ ಹೆಸರು ಬರಬಹುದು, ಇಲ್ಲ ಮಗುವಿನದು. ಅಕ್ಕ ಮತ್ತೆ ಬೆರಳಿಟ್ಟಳು. ಮೊದಲನೆಯ ಅಕ್ಷರ, ಎರಡನೆಯದು, ಮೂರನೆಯದು. ಅದೇ ಹೆಸರು. ಅವಳದೇ.

ಸೈಟು ಚಕಾರ ಎತ್ತದೆ ಒಪ್ಪಿಕೊಂಡಿತು. ಒಂದು ಗಳಿಗೆ ಪರದೆಯ ಮೇಲೆ ಚಕ್ರ ತಿರುಗಿಸಿ, ಇಡೀ ಪ್ರವಾಸವನ್ನು ಮುಂದೆ ಹರಡಿತು. ಕಡಲಿಗೆ ಮುಖ ಮಾಡಿದ ಕೋಣೆ, ಎರಡು ಹಾಸಿಗೆ, ಬೆಳಗಿನ ಉಪಾಹಾರ ಇಬ್ಬರಿಗೆ. ರೈಲಿನಲ್ಲಿ ಕಿಟಕಿ ಪಕ್ಕ ಎದುರುಬದುರು ಎರಡು ಸೀಟು.

ಅಕ್ಕ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದಳು. ಓದುತ್ತ ಓದುತ್ತ ಕುರ್ಚಿಯ ತುದಿಯಿಂದ ಹಿಂದೆ ಸರಿದು ಪೂರ್ತಿಯಾಗಿ ಒರಗಿದಳು. "ಎರಡೂ ಸೀಟು ನನ್ನವೇ," ಎಂದಳು. "ಒಂದರಲ್ಲಿ ಕೂತ್ಕೋತೀನಿ, ಇನ್ನೊಂದರಲ್ಲಿ ಕಾಲು ಚಾಚ್ತೀನಿ. ಉಪಾಹಾರ ಮಾತ್ರ ಕಷ್ಟ ಆಗುತ್ತೆ."

ಇಬ್ಬರಿಗೂ ನಗು ಬಂತು. ಅಡುಗೆಮನೆಗೆ ಹೋಗುವಷ್ಟು ವ್ಯವಧಾನವಿಲ್ಲದೆ ಅಲ್ಲೇ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಗು ತಣ್ಣಗಾದ ಮೇಲೆ ತಂಗಿ ಕೇಳಿದಳು, "ಪರೀಕ್ಷೆ ಮುಗೀತು. ಈಗ ನಾನು ಮಾತಾಡ್ಬಹುದು. ನಿಜವಾಗ್ಲೂ ಹೋಗ್ತೀಯಾ ಅಕ್ಕ?"

"ನಿಜ ಅಂದ್ಕೊಂಡು ಮಾಡು ಅಂದೆಯಲ್ಲ."

"ಅದು ಸರಿ. ಆದ್ರೆ ಅಷ್ಟು ದಿನ... ಪಾಪುನ..."

"ಅದಕ್ಕೇ ಅವಳ ಪರೀಕ್ಷೆ ಮುಗಿದ ಮೇಲಿಂದು ಒತ್ತಿದೀನಿ," ಎಂದಳು ಅಕ್ಕ. ದನಿಯಲ್ಲಿ ಕೋಪವಿರಲಿಲ್ಲ. "ಸುಸ್ತಾಗಿದೆ ಕಣೇ. ನಿಮ್ಮ ಮೇಲೆ ಬೇಜಾರಿಲ್ಲ. ಯಾರೂ 'ಅಕ್ಕಾ' ಅಂತ ಕರೀದೇ ಇರೋ ಜಾಗದಲ್ಲಿ ಸ್ವಲ್ಪ ದಿನ ಇರ್ಬೇಕು ಅನ್ಸುತ್ತೆ. ಆಮೇಲೆ ಬರ್ತೀನಿ. ಬರೋ ದಿನಾನೂ ಒತ್ತಿದೀನಲ್ಲ, ನೋಡಿದೆಯಲ್ಲ?"

ಅಷ್ಟರಲ್ಲಿ ತಂಗಿಯ ಫೋನು ಮೇಜಿನ ಮೇಲೆ ಗುಂಯ್‌ಗುಟ್ಟಿತು. ಗಂಡನಿಗೆ ಎಚ್ಚರವಾದೀತೆಂದು ತಟ್ಟನೆ ಎತ್ತಿಕೊಂಡು ಬಾಲ್ಕನಿಗೆ ಹೋದಳು.

"ಆಯ್ತಾ? ಕೊನೇವರೆಗೂ ಹೋದ್ರಾ?" ಎಂದ ಮ್ಯಾನೇಜರ್.

"ಹೋದ್ರು."

"ಸದ್ಯ! ಹಾಗಾದ್ರೆ 'ಮುಗಿಸಿದರು' ಅಂತ ಹಾಕ್ಬಿಡಿ. ಬೆಳಿಗ್ಗೆ ಬಿಟ್ಟುಬಿಡೋಣ."

ಹಾಗೆ ಬರೆದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಗಾಜಿನಾಚೆ ಅಕ್ಕ ಇನ್ನೂ ಪರದೆಯ ಮುಂದೆಯೇ ಕುಳಿತಿದ್ದಳು. ಬೀನ್ಸ್ ಹಾಗೇ ಅರ್ಧ ಉಳಿದಿತ್ತು. ಅಕ್ಕ ಅರ್ಧಕ್ಕೆ ಬಿಟ್ಟ ಕೆಲಸವನ್ನು ಆ ಮನೆಯಲ್ಲಿ ತಂಗಿ ನೋಡಿದ್ದು ಅದೇ ಮೊದಲು.

"ಮುಗಿಸಿದ್ರು ಸರ್, ಆದ್ರೆ ಒಂದು ಕಡೆ ಸಿಕ್ಕಿಹಾಕ್ಕೊಂಡ್ರು. ಅವರು ಒಬ್ರೇ ಹೋಗ್ಬೇಕಿತ್ತು. ನಮ್ಮದು ಬಿಡಲಿಲ್ಲ."

"ಅಯ್ಯೋ, ಅದನ್ನ ಆಗಲೇ ಮಾತಾಡಿದ್ವಲ್ಲಮ್ಮ. ಯಾರೋ ಒಬ್ರಿಗೋಸ್ಕರ..."

"ಒಬ್ರಿಗೋಸ್ಕರಾನೇ ಸರ್. ಅದನ್ನ ಸರಿಮಾಡದೆ ಬಿಡೋದು ಬೇಡ. ಕೋಣೆಗಳ ಲೆಕ್ಕ ಎಲ್ಲಾ ಮತ್ತೆ ಕೂರಿಸ್ಬೇಕು, ಗೊತ್ತು. ನಾನೇ ಕೂರಿಸ್ತೀನಿ. ಬೈಯ್ಯೋದಿದ್ರೆ ನಾಳೆ ಬೈರಿ, ಈಗ ನನ್ನ ಮಗಳನ್ನ ಕರ್ಕೊಂಡು ಬರೋಕೆ ಹೋಗ್ಬೇಕು."

ಒಳಗೆ ಬಂದಾಗ ಅಕ್ಕ ಹೊತ್ತಾಯಿತೆಂದು ಗಾಬರಿಯಿಂದ ಚಪ್ಪಲಿ ಹುಡುಕುತ್ತಿದ್ದಳು. ತಂಗಿ ಅವಳ ಭುಜ ಹಿಡಿದು ಕುರ್ಚಿಗೆ ಒತ್ತಿದಳು. "ಕೂತ್ಕೋ. ನಾನು ಹೋಗ್ತೀನಿ."

"ನಿಂಗೆ ಯಾವ ಗೇಟು ಅಂತ ಗೊತ್ತಾ?"

"ಕೇಳ್ಕೋತೀನಿ ಬಿಡು."

ಶಾಲೆಗೆ ಎರಡು ಗೇಟುಗಳಿದ್ದವು. ತಪ್ಪು ಗೇಟಿನಲ್ಲಿ ಸ್ವಲ್ಪ ಹೊತ್ತು ನಿಂತು, ಇನ್ನೊಂದು ಗೇಟಿಗೆ ಅವಳು ಓಡಿಬಂದಾಗ ಮಕ್ಕಳ ಗುಂಪೆಲ್ಲ ಕರಗಿ, ಮಗಳೊಬ್ಬಳೇ ಕಾವಲುಗಾರನ ಪಕ್ಕ ನಿಂತಿದ್ದಳು.

"ದೊಡ್ಡಮ್ಮ ಎಲ್ಲಿ?"

"ಮನೇಲಿ ಕೂತಿದ್ದಾಳೆ."

"ಕೂತಿದ್ದಾಳಾ?" ಮಗು ಅದನ್ನು ನಂಬದವಳ ಹಾಗೆ ತಾಯಿಯ ಮುಖ ನೋಡಿತು. ಆಮೇಲೆ ಕೈ ಹಿಡಿದು, ಅವಳು ಬಂದಿದ್ದ ದೊಡ್ಡ ರಸ್ತೆ ಬಿಟ್ಟು ಪಕ್ಕದ ಓಣಿಗೆ ಎಳೆಯಿತು. "ಹೀಗೆ ಬರಬೇಕು. ನಂಗೆ ದಾರಿ ಗೊತ್ತು."

ಓಣಿಯ ನಡುವೆ ಬಾಗಿಲು ಹಾಕಿದ ಅಂಗಡಿಯೊಂದಿತ್ತು. ಅದರ ಕಲ್ಲಿನ ಮೆಟ್ಟಿಲ ಮೇಲೆ ಮಗು ಕುಳಿತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿತು.

"ಯಾಕೆ ಪುಟ್ಟಿ? ಕಾಲು ನೋವಾ?"

"ಇಲ್ಲ. ಇಲ್ಲಿ ಕೂತ್ಕೋಬೇಕು. ದೊಡ್ಡಮ್ಮ ದಿನಾ ಕೂತ್ಕೋತಾಳೆ."

"ಕೂತ್ಕೊಂಡು ಏನ್ ಮಾಡ್ತೀರಾ?"

"ಏನೂ ಇಲ್ಲ," ಎಂದಿತು ಮಗು, ಇದನ್ನೂ ಹೇಳಿಕೊಡಬೇಕೇ ಎನ್ನುವ ಹಾಗೆ.

ಮಗು ಸ್ವಲ್ಪ ಸರಿದು ಜಾಗ ಮಾಡಿತು. ಮೆಟ್ಟಿಲು ಬಿಸಿಲಿಗೆ ಕಾದು ಬೆಚ್ಚಗಿತ್ತು. ಅವಳು ಕುಳಿತು, ಕಾಲು ಚಾಚಿ, ಎದುರಿನ ಗೋಡೆಯ ಮೇಲೆ ಬಿಸಿಲು ಏರುವುದನ್ನು ನೋಡತೊಡಗಿದಳು.