ಹೆಬ್ಬೆರಳ ಗುಳಿ

ಮಗಳು ಅಪ್ಪನ ಬಲಗೈ ಹೆಬ್ಬೆರಳನ್ನು ಬಿಸಿನೀರಿನ ಬಟ್ಟೆಯಿಂದ ಮೂರನೆಯ ಸಲ ಉಜ್ಜುತ್ತಿದ್ದಳು. ಉಗುರಿನ ಸಂದಿಯ ಅಂಟು ಜಗ್ಗಲೊಲ್ಲದು.

"ಬಿಡೇ, ಸಾಕು," ಎಂದಳು ಸೋದರತ್ತೆ. "ನಲವತ್ತು ವರ್ಷದ ಅಂಟು ಅದು. ನಿಮ್ಮಮ್ಮ ಇದ್ದಾಗ ದಿನಾ ಉಜ್ಜಿದ್ಳು, ಹೋಗ್ಲಿಲ್ಲ. ಅದಿಲ್ದಿದ್ರೆ ಅಲ್ಲಿ ಮೇಲೆ ಅವಳು ಇವನ ಗುರುತಾದ್ರೂ ಹೇಗೆ ಹಿಡೀಬೇಕು?"

ಮಗಳಿಗೆ ನಗು ಬಂತು. ನಗುವಿನ ಹಿಂದೆಯೇ ಕಣ್ಣೀರೂ ಬಂತು.

ಊರಿಗೆಲ್ಲ ಅವನು ಹಿಡಿಯಣ್ಣ. ಗಾಳದ ಕೋಲುಗಳ ಕಾರ್ಕ್ ಹಿಡಿ ರಿಪೇರಿ ಮಾಡುವುದೇ ಅವನ ಕಸುಬು. ಇಲಿ ಕಡಿದದ್ದು, ಕೊಕ್ಕೆ ಚುಚ್ಚಿ ಜರಡಿಯಾದದ್ದು, ದೋಣಿಯಂಚಿಗೆ ಬಡಿದು ಮುಕ್ಕಾದದ್ದು, ಯಾವ ಹಿಡಿಯೇ ಬರಲಿ, ಕಾರ್ಕ್ ಪುಡಿಯನ್ನು ಅಂಟಿನಲ್ಲಿ ಕಲಸಿ, ತೂತಿಗೆ ಒತ್ತಿ, ಒಣಗಿದ ಮೇಲೆ ಉಜ್ಜಿ ಕೊಟ್ಟನೆಂದರೆ ಗಾಯ ಎಲ್ಲಿತ್ತೆಂದು ಗಾಯಕ್ಕೇ ಮರೆತುಹೋಗುತ್ತಿತ್ತು. ಅವನ ಕೈ ದಾಟಿದ ಕೋಲುಗಳನ್ನು ತುದಿಗೆ ತುದಿ ಜೋಡಿಸಿದ್ದರೆ ಚಂದ್ರನವರೆಗೆ ಮುಟ್ಟಿ, ಮಿಕ್ಕಿದ್ದರಲ್ಲಿ ಅಲ್ಲೂ ಒಂದು ಗಾಳ ಹಾಕಿ ಕೂರಬಹುದಿತ್ತು. ಹೊಳೆಯ ಮೀನುಗಳು ಹಟ ಮಾಡುವ ಮರಿಗಳನ್ನು ಹೆದರಿಸುತ್ತಿದ್ದುದೇ ಅವನ ಹೆಸರು ಹೇಳಿ.

ಇವತ್ತು ಅವನು ಕೊನೆಯ ಸಲ ಮಲಗಿದ್ದ ನಡುಮನೆಯಲ್ಲಿ ಇರುವೆ ನುಸುಳಲೂ ಜಾಗವಿರಲಿಲ್ಲ.

"ನನ್ನ ಕೋಲು ಎರಡು ತುಂಡಾಯ್ತು, ಹಿಡಿಯಣ್ಣ ಮಾಡಿದ ಹಿಡಿ ಮಾತ್ರ ಅಲ್ಲಾಡಲಿಲ್ಲ," ಎಂದ ಅಂಚೆಯವನು.

"ಮೀನು ಎಳೆದು ಮುರಿದಿದ್ದಾ ಅದು? ನೀನು ಮೇಲೆ ಕೂತು ಮುರಿದಿದ್ದಲ್ವಾ," ಎಂದಳು ಬೇಕರಿಯಾಕೆ.

ಮಗಳ ಕಣ್ಣು ಬಾಗಿಲ ಮೇಲೇ ಇತ್ತು. ಹೊಳೆ ದಾಟಿಸುವ ದೋಣಿಯವನು ಬರಬಹುದು. ಬಂದರೆ ಹನ್ನೊಂದು ವರ್ಷದ ಸುಳ್ಳೊಂದನ್ನು ಅವಳು ಬಿಚ್ಚಬೇಕು. ಅಪ್ಪನ ಬೆಂಚು ಈಗ ಅವಳದು, ಇಲ್ಲಿ ಕೂತವರೆಲ್ಲ ಅವಳ ಗಿರಾಕಿಗಳು. ಬಾಯಿ ಬಿಟ್ಟರೆ ನಾಳೆಯಿಂದ ಯಾರು ಕೋಲು ತಂದಾರು? ಬಿಡದಿದ್ದರೆ ಅಪ್ಪ ತನ್ನದಲ್ಲದ ತಪ್ಪನ್ನು ಹೊತ್ತುಕೊಂಡೇ ಮಣ್ಣಿಗೆ ಹೋಗುತ್ತಾನೆ.

*

ಆಗ ಅವಳಿಗೆ ಇಪ್ಪತ್ತೆರಡು. ಪ್ರಪಂಚದಲ್ಲಿ ತನಗೆ ಬಾರದ ಕೆಲಸವೇ ಇಲ್ಲವೆಂಬ ವಯಸ್ಸು. ದೋಣಿಯವನು ತೀರಿಹೋದ ತನ್ನ ತಂದೆಯ ಕೋಲು ತಂದುಕೊಟ್ಟಿದ್ದ. ಹಿಡಿಯ ತುಂಬ ತೂತು. ನಡುವೆ ಮಾತ್ರ ಒಂದು ನುಣುಪಾದ ಗುಳಿ. ಆ ತಂದೆಯ ಹೆಬ್ಬೆರಳು ಐವತ್ತು ವರ್ಷ ಒಂದೇ ಕಡೆ ಕೂತು ತೋಡಿದ್ದು. ಹಿಡಿಯಣ್ಣ ಇಂಥ ಗುಳಿಗಳನ್ನು ಎಂದೂ ಮುಟ್ಟಿದವನಲ್ಲ. ಕೆಲಸ ಶುರುಮಾಡುವ ಮೊದಲೇ ಅದರ ಮೇಲೊಂದು ಬಟ್ಟೆಪಟ್ಟಿ ಸುತ್ತಿಬಿಡುತ್ತಿದ್ದ.

ಅವನು ಎರಡು ದಿನ ಊರಲ್ಲಿಲ್ಲದಾಗ, ಅಪ್ಪ ಮೂಗಿನ ಮೇಲೆ ಬೆರಳಿಡಬೇಕು ಎಂದುಕೊಂಡು ಮಗಳು ಬೆಂಚಿಗೆ ಕೂತಳು. ತೂತುಗಳ ಜೊತೆ ಗುಳಿಯನ್ನೂ ತುಂಬಿದಳು. ಆಮೇಲೆ ಉಜ್ಜಿದಳು ನೋಡಿ, ನೊಣ ಕೂತರೆ ಜಾರಿ ಬಿದ್ದು ಸೊಂಟ ಮುರಿದುಕೊಳ್ಳಬೇಕು, ಅಷ್ಟು ನುಣುಪು.

ಅಪ್ಪ ಮರಳಿದ ಬೆನ್ನಿಗೇ ದೋಣಿಯವನೂ ಬಂದ. ಕೋಲು ಕೈಗೆತ್ತಿಕೊಂಡ. ಅವನ ಹೆಬ್ಬೆರಳು ಹಿಡಿಯ ಮೇಲೆ ಆಚೆ ಈಚೆ ತಡಕಾಡಿತು, ತನ್ನ ಮನೆಯ ಬಾಗಿಲೇ ಸಿಗದವನ ಹಾಗೆ.

"ಯಾರು ಮಾಡಿದ್ದಿದು?"

ಮಗಳು ಬಾಯಿ ತೆರೆಯುವಷ್ಟರಲ್ಲಿ ಅಪ್ಪ, "ನಾನೇ ಕಣಯ್ಯ. ಬುದ್ಧಿ ಎಲ್ಲಿಟ್ಟಿದ್ದೆನೋ," ಎಂದುಬಿಟ್ಟ.

"ನಮ್ಮಪ್ಪ ಉಳಿದಿದ್ದೇ ಆ ಗುಳಿಯಲ್ಲಿ," ಎಂದ ದೋಣಿಯವನು. ಅಂದಿನಿಂದ ಈ ಬೀದಿಗೆ ಕಾಲಿಡಲಿಲ್ಲ. ಹಿಡಿಯಣ್ಣ ಎದುರು ಸಿಕ್ಕರೆ ಬೆನ್ನು ತಿರುಗಿಸುತ್ತಿದ್ದ.

ಅಪ್ಪ ಮಗಳನ್ನು ಬೈಯಲಿಲ್ಲ. ಮಾರನೆಯ ಬೆಳಿಗ್ಗೆ ಇನ್ನೊಂದು ಹಳೆಯ ಕೋಲನ್ನು ಅವಳ ಕೈಗಿಟ್ಟ. "ಕಣ್ಣು ಮುಚ್ಚು. ಇದರ ಯಜಮಾನ ಎಲ್ಲಿ ಕೂತಿದ್ದಾನೆ, ಹುಡುಕು." ಬಹಳ ಹೊತ್ತಿನ ಮೇಲೆ ಅವಳ ಬೆರಳಿಗೆ ಸಿಕ್ಕಿತು. "ಹಾಂ! ಇನ್ನು ನಿನಗೆ ಕಲಿಸೋದು ಏನೂ ಇಲ್ಲ. ಹೋಗಿ ಚಹಾ ಮಾಡು," ಎಂದಿದ್ದ.

*

ದೋಣಿಯವನು ಬಂದೇ ಬಂದ. ಗೋಡೆಯ ಗಡಿಯಾರವೂ ಉಸಿರು ಬಿಗಿಹಿಡಿಯಿತು.

"ಓಹೋ, ಬಂದ್ರಾ!" ಎಂದಳು ಸೋದರತ್ತೆ. "ನಮ್ಮಣ್ಣನಿಗೆ ಮಾತಿದ್ದಾಗ ಬರಬೇಕಿತ್ತು. ಈಗ ಅವನೂ ನಿಮ್ಮ ಹಾಗೇ ಮಾತು ಬಿಟ್ಟಿದ್ದಾನೆ."

"ಕ್ಷಮಿಸಿದೀನಿ ಅಂತ ಹೇಳೋಣ ಅಂತ ಬಂದೆ, ಅಕ್ಕ."

"ಕ್ಷಮಿಸಬೇಕಾಗಿರೋದು ಅಪ್ಪನ್ನಲ್ಲ, ದೋಣಿ ಮಾಮ." ಮಗಳ ದನಿ ಸೊಳ್ಳೆಗಿಂತ ಸಣ್ಣಗಿತ್ತು, ಆದರೂ ಹೊಳೆಯಾಚೆಯವರಿಗೂ ಕೇಳಿಸಿತು. "ಆ ಗುಳಿ ತುಂಬಿದ್ದು ನಾನು. ಅಪ್ಪ ಅವತ್ತು ಊರಲ್ಲೇ ಇರಲಿಲ್ಲ."

ದೋಣಿಯವನು ಅವಳನ್ನು ನೋಡಿದ. ಮಲಗಿದ್ದವನನ್ನು ನೋಡಿದ. ಆಮೇಲೆ ಹೆಣದ ಜೊತೆ ಜಗಳಕ್ಕೇ ನಿಂತ.

"ಹನ್ನೊಂದು ವರ್ಷ ಕಣಯ್ಯ! ಒಂದು ಮಾತು ಹೇಳಬಾರದಿತ್ತಾ? ಈ ದಡದಿಂದ ಆ ದಡದವರೆಗೆ ದಿನಾ ನಿನ್ನ ಬೈಕೊಂಡೇ ಹುಟ್ಟು ಹಾಕಿದೀನಿ. ಅಷ್ಟೂ ಬೈಗುಳ ಈಗ ಎಲ್ಲಿ ಸುರೀಲಿ?"

"ನನ್ನ ಮೇಲೆ ಸುರೀರಿ, ಮಾಮ."

"ನಿನ್ನ ಮೇಲಾ?" ಅವನು ಮುಖ ಒರೆಸಿಕೊಂಡ. "ನನಗೂ ಒಬ್ಬಳು ಮಗಳಿದ್ದಾಳಮ್ಮ. ಅವಳು ಪಿಂಗಾಣಿ ಬಟ್ಟಲು ಒಡೆದ್ರೆ ಸಂಜೆಯೊಳಗೆ ಊರಿಗೆಲ್ಲ ಸಾರಿಬಿಡ್ತೀನಿ. ಇವನು ನೋಡಿದ್ರೆ..." ಅವಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು ತೆಗೆದ.

ಮೂಲೆಯಲ್ಲಿದ್ದ ಮೇಷ್ಟ್ರು ಕೆಮ್ಮಿದರು. "ಸೋಮವಾರ ನನ್ನ ಕೋಲು ತರ್ತೀನಮ್ಮ. ನಾನು ನೀರಿಗೇ ಇಳಿದವನಲ್ಲ, ಅದರಲ್ಲಿ ಗುಳಿ ಗಿಳಿ ಏನೂ ಇಲ್ಲ. ಧೈರ್ಯವಾಗಿ ಉಜ್ಜು."

ನಡುಮನೆಯೇ ನಕ್ಕಿತು. ಸೋದರತ್ತೆಯೂ ಸೆರಗಿನೊಳಗೆ ನಕ್ಕಳು.

ಶವಪೆಟ್ಟಿಗೆ ಎತ್ತುವ ಹೊತ್ತಾಯಿತು. ಹೊರುವವರು ಆರು ಜನ. ಮುಂದೆ ಎಡಕ್ಕೆ ಮಗಳು. ಬಲಕ್ಕೆ ನಿಂತಿದ್ದವನನ್ನು ಸರಿಸಿ ದೋಣಿಯವನು ತನ್ನ ಹೆಗಲು ಕೊಟ್ಟ. ಕುಳ್ಳ ಎಂದರೆ ಎಂಥ ಕುಳ್ಳ, ದೋಣಿಯಲ್ಲಿ ಎದ್ದು ನಿಂತರೂ ದಡದವರಿಗೆ ಕೂತಂತೆಯೇ ಕಾಣುತ್ತಿದ್ದವನು. ಎತ್ತಿದ ಕೂಡಲೇ ಪೆಟ್ಟಿಗೆ ಅವನ ಕಡೆಗೆ ವಾಲಿತು.

"ಬಿಡಿ ಅಣ್ಣ, ಎತ್ತರದವರು ಯಾರಾದ್ರೂ ಬರ್ತಾರೆ," ಎಂದ ಹಿಂದಿನಿಂದ ಅಂಚೆಯವನು.

"ಬಿಡಲ್ಲ."

ಮಗಳು ಮೊಣಕಾಲು ಬಗ್ಗಿಸಿದಳು. ಅವಳ ಹಿಂದೆ ಮೇಷ್ಟ್ರು ಬಗ್ಗಿದರು. ತಾಳೆಮರದಂಥ ಅಂಚೆಯವನು ಎರಡು ಮಡಿಕೆಯಾಗಿ ಬಗ್ಗಿದ. ಉಳಿದಿಬ್ಬರೂ ಬಗ್ಗಿದರು. ಐದು ಜನ ಬಾತುಗಳ ಹಾಗೆ ಕುಕ್ಕರಗಾಲಲ್ಲಿ ಹೆಜ್ಜೆಯಿಡುತ್ತ, ದೋಣಿಯವನೊಬ್ಬ ಎದೆಯುಬ್ಬಿಸಿ ನೆಟ್ಟಗೆ ನಡೆಯುತ್ತ, ಬೀದಿಗಿಳಿದರು. ಅವರ ಹೆಗಲ ಮೇಲೆ ಪೆಟ್ಟಿಗೆ ಒಂದು ಕೂದಲೆಳೆಯಷ್ಟೂ ವಾಲದೆ, ಬೀದಿಯ ಕೊನೆಯ ತಿರುವಿನವರೆಗೂ ಮಟ್ಟಸವಾಗಿ ಸಾಗಿತು.