ಎರಡನೆಯ ಒತ್ತು

ಅವಳಿಗೆ ಗೂಬೆ ಎಂದು ಹೆಸರಿಟ್ಟಿದ್ದು ಅಕ್ಕ. ಯಾರಾದರೂ ಮಾತಾಡಿಸಿದರೆ ನೆಲ ನೋಡುವ, ಬೇರೆಯವರು ತಮ್ಮತಮ್ಮಲ್ಲೇ ಮಾತಾಡುವಾಗ ಮಾತ್ರ ಕಣ್ಣರಳಿಸಿಕೊಂಡು ಒಂದನ್ನೂ ಬಿಡದೆ ನೋಡುವ ತಂಗಿಗೆ ಆ ಹೆಸರು ಎಷ್ಟು ಗಟ್ಟಿಯಾಗಿ ಅಂಟಿತೆಂದರೆ, ಅಮ್ಮ ಕೂಡ ಊಟಕ್ಕೆ ಹಾಗೆಯೇ ಕರೆಯತೊಡಗಿದಳು. ಅಕ್ಕನ ಸ್ವಭಾವವೇ ಬೇರೆ. ಅವಳು ಬಸ್ ಕಂಡಕ್ಟರ್. ಮೆಟ್ಟಿಲ ಮೇಲೆ ನೇತಾಡುವವರನ್ನು ಒಂದೇ ಗದರಿಕೆಗೆ ಒಳಗೆ ಸೇರಿಸುವವಳು. ಅವಳು ಒಂದು ಸಲ ಗಂಟೆ ಎಳೆದರೆ ಬಸ್ಸು ನಿಲ್ಲಬೇಕು, ಎರಡು ಸಲ ಎಳೆದರೆ ಹೊರಡಬೇಕು. ನಡುವೆ ಯಾರ ತಕರಾರೂ ನಡೆಯುತ್ತಿರಲಿಲ್ಲ.

ಮೊದಲು ಅವಳ ಬೆರಳಿನಿಂದ ಟಿಕೆಟ್ಟುಗಳು ಜಾರಿ ಬೀಳತೊಡಗಿದವು. ಆಮೇಲೆ ಕಾಲು ಸೋತಿತು. ಮೂರನೇ ವರ್ಷ ನಾಲಿಗೆ. ನರಗಳು ಒಂದೊಂದಾಗಿ ಒಣಗುವ ಕಾಯಿಲೆ, ಬುದ್ಧಿಯೊಂದನ್ನು ಬಿಟ್ಟು ಉಳಿದಿದ್ದನ್ನೆಲ್ಲ ತೆಗೆದುಕೊಂಡು ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಆರನೇ ವರ್ಷದ ಹೊತ್ತಿಗೆ ಅಕ್ಕನ ಕಣ್ಣಿನ ರೆಪ್ಪೆ ಕೂಡ ಅವಳ ಅಂಕೆಯಲ್ಲಿರಲಿಲ್ಲ. ಬಲಗೆನ್ನೆಯ ಒಂದು ಸ್ನಾಯು ಮಾತ್ರ ಇನ್ನೂ ಹೇಳಿದ ಮಾತು ಕೇಳುತ್ತಿತ್ತು.

ಆ ಕೆನ್ನೆಗೆ ತಾಗುವಂತೆ ಒಂದು ರಬ್ಬರಿನ ಬಿಲ್ಲೆ. ಬಿಲ್ಲೆಯಿಂದ ಒಂದು ತಗಡಿನ ಡಬ್ಬಿಗೆ ವೈರು, ಡಬ್ಬಿಯಿಂದ ಕಂಪ್ಯೂಟರಿನ ಬೆನ್ನಿಗೆ ಒಂಬತ್ತು ಸೂಜಿಯ ದಪ್ಪ ಪ್ಲಗ್ಗು. ಕೆನ್ನೆ ಒತ್ತಿದಾಗ ಡಬ್ಬಿಯ ಮೇಲಿನ ಹಸಿರು ದೀಪ ಹೊತ್ತಿಕೊಳ್ಳುತ್ತಿತ್ತು, ಬಿಟ್ಟಾಗ ಆರುತ್ತಿತ್ತು. ಪರದೆಯ ಮೇಲೆ ಅಕ್ಷರಗಳು ಸಾಲಾಗಿ ಹಾದುಹೋಗುವವು. ಬೇಕಾದ ಅಕ್ಷರ ಬಂದಾಗ ಅಕ್ಕ ಒತ್ತುವಳು. ಒಂದು ಸಾಲು ಬರೆಯಲು ಅರ್ಧ ಗಂಟೆ ಹಿಡಿದರೂ ಅವಳ ಬಾಯಿ ಮಾತ್ರ ಹಳೆಯದೇ. 'ಗೂಬೆ, ತಲೆ ಬಾಚ್ಕೊ. ರೋಗಿ ನಾನು, ನೀನಲ್ಲ' ಎಂದು ಬೆಳಗ್ಗೆಯೆಲ್ಲ ಕೂತು ಬರೆದಿದ್ದಳು ಒಮ್ಮೆ.

ಹಳೆಯ ಕಂಪ್ಯೂಟರ್ ಒಂದು ದಿನ ಸುಟ್ಟ ವಾಸನೆ ಬಿಟ್ಟು ನಿಂತುಹೋಯಿತು. ಗೂಬೆ ತಾನು ಕೆಲಸ ಮಾಡುವ ಅಂಗಡಿಯಿಂದ ಬೇರೊಂದನ್ನು ತಂದು ಜೋಡಿಸಿದಳು. ಅಕ್ಕ ಒತ್ತಿದಳು. ದೀಪ ಹೊತ್ತಿತು. ಪರದೆ ಮಾತ್ರ ಕಲ್ಲಿನ ಹಾಗೆ ಕೂತಿತು.

ಗೂಬೆಗೆ ಕಾರಣ ಗೊತ್ತಿತ್ತು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು ಎಂಟು ವರ್ಷದಿಂದ ಅದೇ ಅಂಗಡಿಯಲ್ಲಿದ್ದಳು. ಕಿಟಕಿಯಿಲ್ಲದ ಉದ್ದನೆಯ ಕೋಣೆ, ಗೋಡೆಯ ಮೊಳೆಗಳಿಗೆಲ್ಲ ಜಡೆಯಂತೆ ಇಳಿಬಿದ್ದ ಕೇಬಲ್ಲುಗಳು. ತೂಕದ ಯಂತ್ರ, ಚೀಟಿ ಮುದ್ರಿಸುವ ಯಂತ್ರ, ಹೀಗೆ ಸೀರಿಯಲ್ ಕೇಬಲ್ಲಿನ, ಅಂದರೆ ಅಕ್ಕನ ಡಬ್ಬಿಯಂಥದೇ ಒಂಬತ್ತು ಸೂಜಿಯ ಪ್ಲಗ್ಗಿನ, ಹಳೆಯ ಸಾಮಾನುಗಳನ್ನು ಹೊಸ ಕಂಪ್ಯೂಟರಿಗೆ ಒಗ್ಗಿಸುವುದು ಅಲ್ಲಿಯ ಕೆಲಸ. ಈಗಿನ ಸಾಮಾನುಗಳು ಚುಚ್ಚಿದ ಕೂಡಲೇ ತಾವು ಯಾರೆಂದು ಹೇಳಿಕೊಳ್ಳುತ್ತವೆ. ಸೀರಿಯಲ್ ಸಾಮಾನು ಹಾಗಲ್ಲ. ಬಾಗಿಲಲ್ಲಿ ಬಂದು ಸುಮ್ಮನೆ ಕೂರುತ್ತದೆ, ಹೆಸರೂ ಹೇಳುವುದಿಲ್ಲ, ಊರೂ ಹೇಳುವುದಿಲ್ಲ. ಈ ಬಾಗಿಲಲ್ಲಿ ಕೂತವರು ಇಂಥವರು, ಇಷ್ಟು ವೇಗದಲ್ಲಿ ಮಾತಾಡುತ್ತಾರೆ, ಅವರ ಮಾತಿಗೆ ಅರ್ಥ ಇದು ಎಂದು ಬೇರೆ ಯಾರಾದರೂ ಕರ್ನೆಲ್ಲಿಗೆ, ಅಂದರೆ ಕಂಪ್ಯೂಟರಿನ ಒಳಗೆ ಎಲ್ಲದರ ಮೇಲೂ ಕೂತ ಮೂಲ ಪ್ರೋಗ್ರಾಮಿಗೆ, ತಿಳಿಸಿಕೊಡಬೇಕು. ಹಾಗೆ ತಿಳಿಸುವುದೇ ಡ್ರೈವರು. ಅಕ್ಕನ ಡಬ್ಬಿ ಮಾಡಿದ ಕಂಪನಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಇದನ್ನು ಈಗ ಯಾರೂ ಬಳಸುವುದಿಲ್ಲ ಎಂದು ಹೊಸ ಕರ್ನೆಲ್ಲಿನಿಂದ ಅದರ ಡ್ರೈವರನ್ನು ಕಿತ್ತುಹಾಕಿದ್ದರು.

"ನೀನೇ ಬರಿ," ಎಂದರು ಅಂಗಡಿಯ ಯಜಮಾನರು. "ಎಷ್ಟು ತಕ್ಕಡಿ ಮಾತಾಡ್ಸಿದೀಯ, ನಿಮ್ಮಕ್ಕ ಒಬ್ಬಳು ಹೆಚ್ಚಾದಳಾ?"

ಒಂಬತ್ತು ದಿನ ಹಿಡಿಯಿತು. ಒಂದೊಂದು ಒತ್ತಿಗೂ ಡಬ್ಬಿ ಮೂರು ಸಂಕೇತ ಕಳಿಸುತ್ತಿತ್ತು: ಒತ್ತಿದೆ, ಇಷ್ಟು ಬಲವಾಗಿ ಒತ್ತಿದೆ, ಬಿಟ್ಟಿದೆ. ಮೂರೂ ಬಂದರೆ ಅದು ಒಂದು ಒತ್ತು. ಮನೆಯಲ್ಲಿ ಅಕ್ಕ ಬಾಯಿ ಹೊಲಿದವಳಂತೆ ಮಲಗಿದ್ದಾಳೆ ಎಂಬ ಅವಸರದಲ್ಲಿ ಗೂಬೆ ಎಲ್ಲವನ್ನೂ ಹೊಸದಾಗಿ ಬರೆಯಲಿಲ್ಲ. ತೂಕದ ಯಂತ್ರಕ್ಕೆ ತಾನೇ ಬರೆದಿದ್ದ ಡ್ರೈವರನ್ನು ತೆಗೆದುಕೊಂಡು ತಿದ್ದಿದಳು. ಅದರಲ್ಲೊಂದು ನಿಯಮವಿತ್ತು: ಶುರುವಾದ ಸಂಕೇತ ಒಂದು ಸೆಕೆಂಡಿನೊಳಗೆ ಮುಗಿಯದಿದ್ದರೆ ಕೇಬಲ್ ಅಲ್ಲಾಡಿದೆ ಎಂದರ್ಥ, ಎಸೆದುಬಿಡು. "ಪೂರ್ತಿ ಬರದ ತೂಕ ತೂಕವೇ ಅಲ್ಲ ಕಣಮ್ಮ, ಕಸ," ಎಂದು ಯಜಮಾನರೇ ಕಲಿಸಿದ್ದರು. ಆ ನಿಯಮ ಅಂಗಡಿಯ ಎಲ್ಲ ಡ್ರೈವರಿನಲ್ಲೂ ಇತ್ತು. ಇದರಲ್ಲೂ ಉಳಿಯಿತು.

ಹತ್ತನೇ ದಿನ ಅಕ್ಕ ಬರೆದಳು. 'ಒಂಬತ್ತು ದಿನ ಅಮ್ಮನ ಮಾತೇ. ಕಿವಿ ತೂತು.'

ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. "ಹೋಗೇ, ನಿನಗೆ ನನ್ನ ಬೆಲೆ ಗೊತ್ತಾಗಲ್ಲ."

ಎರಡು ತಿಂಗಳು ಹೀಗೆಯೇ ನಡೆಯಿತು. ಆಮೇಲೆ ಅಕ್ಕನ ಸಾಲುಗಳು ಗಿಡ್ಡವಾದವು. ಪದಗಳ ನಡುವಿನ ಅಕ್ಷರ ಬಿಟ್ಟುಹೋಗತೊಡಗಿದವು. ಕೆಲವು ದಿನ ಒಂದೇ ಪದ, ಕೆಲವು ದಿನ ಅದೂ ಇಲ್ಲ. ಸುಸ್ತು ಪಾಪ, ಎಂದಳು ಅಮ್ಮ. ಸುಸ್ತೇ ಎಂದು ಗೂಬೆಯೂ ಅಂದುಕೊಂಡಳು.

ಡಾಕ್ಟರು ಮನೆಗೆ ಬಂದಿದ್ದು ಒಂದು ಬೆಳಗ್ಗೆ. ಉಸಿರು ಸೋಲುತ್ತಿದೆ, ಇನ್ನು ತಡಮಾಡುವಂತಿಲ್ಲ ಎಂದರು. ಕುರ್ಚಿಯನ್ನು ಮಂಚಕ್ಕೆ ತಾಗಿಸಿ ಕೂತು ಅಕ್ಕನಿಗೇ ನೇರವಾಗಿ ಹೇಳಿದರು.

"ನೋಡಿ, ಗಂಟಲಲ್ಲಿ ತೂತು ಮಾಡಿ ಕೊಳವೆ ಹಾಕಿದ್ರೆ ಯಂತ್ರ ನಿಮ್ಮ ಬದಲು ಉಸಿರಾಡುತ್ತೆ. ವರ್ಷಗಟ್ಟಲೆ ಇರಬಹುದು. ಆದ್ರೆ ಹೀಗೇ, ಇದಕ್ಕಿಂತ ಕಡಿಮೆಯಾಗಿ. ಬೇಡ ಅಂದ್ರೆ ನೋವಾಗದ ಹಾಗೆ, ಉಸಿರು ಕಟ್ಟದ ಹಾಗೆ ಔಷಧಿ ಕೊಡ್ತೀವಿ. ಇದು ನೀವೇ ಹೇಳಬೇಕಾದ ಮಾತು. ಬೇಕು ಅನ್ನೋದಾದ್ರೆ ಒಂದು ಸಲ ಒತ್ತಿ. ಬೇಡ ಅಂದ್ರೆ ಎರಡು ಸಲ."

ಅಮ್ಮ ಮಂಚದ ಕಾಲ ಬಳಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಗೂಬೆ ಗೋಡೆಗೆ ಒರಗಿದ್ದಳು. ಡಾಕ್ಟರ ಕಣ್ಣು, ಅಮ್ಮನ ಕಣ್ಣು ಪರದೆಯ ಮೇಲಿತ್ತು. ಗೂಬೆಯ ಕಣ್ಣು ಡಬ್ಬಿಯ ಮೇಲೆ.

ದೀಪ ಹೊತ್ತಿ ಆರಿತು. ಪರದೆಯ ಮೇಲೆ ಒಂದು ಗುರುತು ಬಿತ್ತು. ಸ್ವಲ್ಪ ಹೊತ್ತಾದ ಮೇಲೆ ದೀಪ ಮತ್ತೆ ಹೊತ್ತಿಕೊಂಡಿತು, ತುಂಬ ಹೊತ್ತು ಉರಿಯಿತು, ಆರಿತು. ಪರದೆಯ ಮೇಲೆ ಏನೂ ಬೀಳಲಿಲ್ಲ.

"ಒಂದು," ಎಂದರು ಡಾಕ್ಟರು. ಅವರು ಎಚ್ಚರದ ಮನುಷ್ಯ. "ಇನ್ನೊಮ್ಮೆ ಕೇಳ್ತೀನಿ, ಖಾತ್ರಿ ಆಗಲಿ."

ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆಯೂ ದೀಪ ಮೊದಲು ಚುಟುಕಾಗಿ, ಆಮೇಲೆ ಉದ್ದಕ್ಕೆ ಹೊತ್ತಿತು. ಪರದೆಯ ಮೇಲೆ ಒಂದೇ ಗುರುತು.

ಗೂಬೆ ಬಾಯಿ ತೆರೆದಳು. ಅಷ್ಟರಲ್ಲಿ ಅಮ್ಮ "ನನ್ನ ಕಂದ" ಎಂದು ಅಕ್ಕನ ಕಾಲಿನ ಮೇಲೆ ತಲೆಯಿಟ್ಟು ಬಿಕ್ಕತೊಡಗಿದ್ದಳು. ಉದ್ದಕ್ಕೆ ಹೊತ್ತಿದ್ದು ಒತ್ತಲ್ಲ, ಕೆನ್ನೆ ಸೋತು ಬಿಲ್ಲೆಯ ಮೇಲೆ ಬಿದ್ದಿದ್ದು ಎಂದು ಗೂಬೆ ತನಗೆ ತಾನೇ ಹೇಳಿಕೊಂಡಳು. ಅಷ್ಟು ಹೇಳಿಕೊಂಡು ಬಾಯಿ ಮುಚ್ಚಿದಳು.

ಆಸ್ಪತ್ರೆಗೆ ಸೇರಿಸಿ ಕೊಳವೆ ಹಾಕಿದರು. ಇಪ್ಪತ್ತು ದಿನ ಬಿಟ್ಟು ಯಂತ್ರದ ಸಮೇತ ಮನೆಗೆ ಕಳಿಸಿದರು. ಅದು ಹಗಲೂ ರಾತ್ರಿಯೂ ಮಂಚದ ಪಕ್ಕದಲ್ಲಿ ಬುಸುಗುಡುತ್ತಿತ್ತು. ಗಂಟೆಗೊಮ್ಮೆ ಗಂಟಲಿನ ಕಫ ಹೀರಿ ತೆಗೆಯಬೇಕು. ಆಗ ಅಕ್ಕನ ಮುಖ ನೀಲಿಯಾಗಿ, ಎರಡೂ ಕಣ್ಣಿಂದ ನೀರು ಇಳಿಯುತ್ತಿತ್ತು. ಬಿಲ್ಲೆಯನ್ನು ಮತ್ತೆ ಕೆನ್ನೆಗೆ ಕಟ್ಟಿದ್ದರು. ಹನ್ನೊಂದು ದಿನ ಕಳೆದರೂ ಒಂದಕ್ಷರ ಬರಲಿಲ್ಲ.

"ನಮ್ಮ ಮೇಲೆ ಕೋಪ ಅವಳಿಗೆ," ಎಂದಳು ಅಮ್ಮ. "ಯಾಕೆ ಅಂತ ಬರೀಬಾರ್ದಾ? ಬೇಕು ಅಂದವಳು ಅವಳೇ ತಾನೇ?"

ಅಕ್ಕನನ್ನು ಮನೆಗೆ ತಂದ ದಿನವೇ ಗೂಬೆ ಡಬ್ಬಿಯನ್ನು ತಿರುಗಿಸಿ, ದೀಪ ಗೋಡೆಯ ಕಡೆಗೆ ಬರುವಂತೆ ಇಟ್ಟಿದ್ದಳು. ಅಮ್ಮ ಕೇಳಿದ್ದಕ್ಕೆ, ಅಕ್ಕನ ಕಣ್ಣಿಗೆ ಬೆಳಕು ಹೊಡೆಯುತ್ತೆ ಎಂದಿದ್ದಳು.

ಹನ್ನೆರಡನೇ ದಿನ ಅಂಗಡಿಗೆ ಹಿಟ್ಟಿನ ಗಿರಣಿಯವನು ಬಂದು ಜಗಳಕ್ಕೆ ನಿಂತ. "ಏನ್ ಸ್ವಾಮಿ, ನಿಮ್ ತಕ್ಕಡಿಗೆ ಸಣ್ಣ ಚೀಲ ಮಾತ್ರ ಕಾಣುತ್ತಾ? ದೊಡ್ಡ ಚೀಲ ಇಟ್ರೆ ಕಂಪ್ಯೂಟರು ಸುಮ್ನೆ ಹಲ್ಲು ಕಿರೀತದೆ!"

ಯಜಮಾನರು ಪರದೆಯನ್ನು ನೋಡಿ ಹಣೆ ಚಚ್ಚಿಕೊಂಡರು. "ದೊಡ್ಡ ಚೀಲ ತೂಗಾಡುತ್ತಲ್ಲಪ್ಪ, ನಿಲ್ಲೋಕೆ ಒಂದು ಸೆಕೆಂಡ್ ಸಾಲಲ್ಲ. ಬರ್ತಿದೆ, ಬಂದಿದ್ದನ್ನ ನಾವೇ ಎಸೀತಿದೀವಿ. ಏ ಗೂಬೆ, ಆ ನಿಯಮ ಸ್ವಲ್ಪ ಸಡಿಲ ಮಾಡು..." ಎಂದು ತಿರುಗಿದರು. ಗೂಬೆಯ ಕುರ್ಚಿ ಖಾಲಿಯಿತ್ತು.

ಅವಳು ಮನೆ ಸೇರಿದಾಗ ಮಧ್ಯಾಹ್ನ. ಅಮ್ಮ ಹಿತ್ತಲಲ್ಲಿ ಬಟ್ಟೆ ಒಣಗಲು ಹಾಕುತ್ತಿದ್ದಳು. ಗೂಬೆ ಅಕ್ಕನ ಮುಖ ನೋಡದೆ ಕಂಪ್ಯೂಟರಿನ ಮುಂದೆ ಕೂತು ಲಾಗ್ ತೆರೆದಳು. ಏನನ್ನು ಎಸೆದರೂ ಅದಕ್ಕೊಂದು ಸಾಲು ಬರೆದಿಡುವುದು ಅಂಗಡಿಯ ಇನ್ನೊಂದು ಅಭ್ಯಾಸ. ಕರ್ನೆಲ್ ತಪ್ಪದೆ ಬರೆದಿಟ್ಟಿತ್ತು. ಅಪೂರ್ಣ, ಎಸೆದಿದೆ. ಅಪೂರ್ಣ, ಎಸೆದಿದೆ. ಪರದೆ ಸರಿಸಿದಷ್ಟೂ ಅದೇ ಸಾಲು. ಈ ಹನ್ನೊಂದು ದಿನಗಳಲ್ಲೇ ನಾಲ್ಕು ಸಾವಿರಕ್ಕೂ ಹೆಚ್ಚು. ಕೋಪವಿರಲಿಲ್ಲ, ಮುನಿಸಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಅಕ್ಕ ಒತ್ತುತ್ತಲೇ ಇದ್ದಳು. ಕೆನ್ನೆಗೆ ಒತ್ತುವ ಶಕ್ತಿ ಇತ್ತು, ಬಿಡುವ ಶಕ್ತಿ ಕುಂದಿತ್ತು, ಅಷ್ಟೇ.

ಡಾಕ್ಟರು ಬಂದಿದ್ದ ಬೆಳಗ್ಗೆಯನ್ನು ಹುಡುಕಿದಳು. ಅದೂ ಇತ್ತು. ಒಂದು ಒತ್ತು ಸ್ವೀಕಾರ, ಒಂದು ಎಸೆದಿದ್ದು. ಕೆಲವು ನಿಮಿಷ ಬಿಟ್ಟು ಮತ್ತೆ ಹಾಗೆಯೇ. ನೋಡುವ ಅಗತ್ಯವೇನೂ ಇರಲಿಲ್ಲ, ಅವಳು ಆವತ್ತೇ ನೋಡಿದ್ದಳು.

ಕಂಪನಿಯ ಹಳೆಯ ಡ್ರೈವರ್ ಬರೆದವರು ಯಾರೋ, ಅವರಿಗೆ ಇಂಥ ಕೆನ್ನೆ ಗೊತ್ತಿದ್ದಿರಬೇಕು. ಅದು ಎಷ್ಟು ಹೊತ್ತಾದರೂ ಕಾಯುತ್ತಿತ್ತು. ಗೂಬೆ ತನ್ನ ನಿಯಮದ ಆರು ಸಾಲುಗಳನ್ನು ಅಳಿಸಿದಳು. ತನ್ನ ಡ್ರೈವರನ್ನು ಮತ್ತೆ ಕಟ್ಟಿ, ಮೊದಲು ಹಾಕಿದ್ದನ್ನು ಇಳಿಸಿ, ಇದನ್ನು ಏರಿಸಿದಳು. ಹತ್ತು ನಿಮಿಷದ ಕೆಲಸ. ಆಮೇಲೆ ಡಬ್ಬಿಯನ್ನು ಗೋಡೆಯಿಂದ ಈಚೆಗೆ ತಿರುಗಿಸಿದಳು.

ದೀಪ ಉರಿಯುತ್ತಿತ್ತು.

ಅಕ್ಕ ಬರೆದು ಮುಗಿಸುವಾಗ ಬಿಸಿಲು ಇಳಿದಿತ್ತು.

'ಎರಡು ಸಲ ಒತ್ತಿದ್ದು ನೋಡಿದ್ಯಾ'

ಗೂಬೆ ನೆಲ ನೋಡಿದಳು. ಯಂತ್ರ ಏಳೆಂಟು ಸಲ ಉಸಿರಾಡಿತು. "ನೋಡ್ದೆ ಕಣಕ್ಕ," ಎಂದಳು. "ನೀನು ಇರ್ಬೇಕು ಅನ್ನಿಸ್ತು."

ಅಕ್ಕನ ಮುಖದಲ್ಲಿ ಏನೂ ಕಾಣಲಿಲ್ಲ. ಕಾಣುವಂಥ ಮುಖ ಅದಾಗಿ ಉಳಿದಿರಲಿಲ್ಲ. ದೀಪ ಮಾತ್ರ ಹೊತ್ತುತ್ತ ಆರುತ್ತ ಹೋಯಿತು. ಬೈಗುಳ ಬರುತ್ತದೆ ಎಂದು ಗೂಬೆ ಕಾದಳು. ಬಂದಿದ್ದು ಒಂದೇ ಪದ.

'ಕರಿ'

ಗೂಬೆ ಕರೆಸಿದ ಡಾಕ್ಟರು ಮಾರನೆಯ ದಿನ ಬಂದರು. ಗೂಬೆ ಅವರಿಗೂ ಅಮ್ಮನಿಗೂ ಎಲ್ಲವನ್ನೂ ಹೇಳಿದಳು, ಡ್ರೈವರಿನದು, ದೀಪದ್ದು, ಎರಡನ್ನೂ. ಜೀವಮಾನದಲ್ಲಿ ಅಷ್ಟು ಉದ್ದಕ್ಕೆ ಅವಳು ಮಾತಾಡಿರಲಿಲ್ಲ. ಅಮ್ಮ ಕೇಳಿಸಿಕೊಳ್ಳುತ್ತ ಕೇಳಿಸಿಕೊಳ್ಳುತ್ತ ಗೋಡೆ ಹಿಡಿದು ಕೂತಳು.

"ನೋಡಿದ್ದನ್ನ ನುಂಗಿಕೊಂಡಿದ್ದೆ ಅಲ್ವಾ," ಎಂದಳು ಕೊನೆಗೆ. "ಇನ್ನೂ ನುಂಗಿಕೊಂಡೇ ಇರಬಾರ್ದಿತ್ತಾ, ಮುಂಡೇದೆ."

ಡಾಕ್ಟರು ಕುರ್ಚಿಯನ್ನು ಮಂಚಕ್ಕೆ ತಾಗಿಸಿದರು. "ಮೊದಲು ಕೇಳಿದ್ದನ್ನೇ ಕೇಳ್ತೀನಮ್ಮ. ಇವತ್ತು ಕೇಳ್ತೀನಿ, ವಾರ ಬಿಟ್ಟು ಬಂದು ಇನ್ನೊಮ್ಮೆ ಕೇಳ್ತೀನಿ. ಈ ಯಂತ್ರ ಮುಂದುವರಿಸಬೇಕು ಅಂದ್ರೆ ಒಂದು ಸಲ. ಬೇಡ ಅಂದ್ರೆ ಎರಡು."

ಈ ಸಲ ಗೂಬೆ ಗೋಡೆಗೆ ಒರಗಲಿಲ್ಲ. ಮಂಚದ ಪಕ್ಕದಲ್ಲಿ ಮಂಡಿಯೂರಿ, ಡಬ್ಬಿಯನ್ನು ಎರಡೂ ಕೈಯಲ್ಲಿ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

ದೀಪ ಹೊತ್ತಿತು. ಆರಿತು.

"ಒಂದು," ಎಂದಳು ಗೂಬೆ ಗಟ್ಟಿಯಾಗಿ.

ಯಂತ್ರ ಬುಸುಗುಟ್ಟಿತು. ಮತ್ತೆ ಬುಸುಗುಟ್ಟಿತು. ಪರದೆಯ ಮೇಲೆ ಒಂದೇ ಗುರುತು.

"ಒಂದೇ ತಾನೇ ಡಾಕ್ಟ್ರೇ," ಎಂದಳು ಅಮ್ಮ ಎದ್ದು ನಿಂತು. "ಆಯ್ತಲ್ಲ. ಒಂದೇ. ಸಾಕು ಬಿಡಿ, ಅವಳಿಗೆ ಸುಸ್ತಾಗುತ್ತೆ."

"ಇರಮ್ಮ," ಎಂದಳು ಗೂಬೆ. ಅವಳ ಕಣ್ಣು ಡಬ್ಬಿ ಬಿಟ್ಟು ಕದಲಲಿಲ್ಲ. "ಅಕ್ಕಂದು ಇನ್ನೂ ಮುಗಿದಿಲ್ಲ."

ದೀಪ ಹೊತ್ತಿಕೊಂಡಿತು. ಉರಿಯುತ್ತಲೇ ಇತ್ತು. ಅದು ಆರುವವರೆಗೂ ಕಾದು, ಗೂಬೆ ಎಣಿಸಿದಳು.