ಮಹದೇವಿ ಮಾರಾಟಕ್ಕಿದೆ

ಕಾರು ನಿಲ್ಲಿಸುವ ಜಾಗದಲ್ಲಿ ದೋಣಿ ನಿಲ್ಲಿಸಿಕೊಂಡವರು ಇಡೀ ಸಿದ್ಧಾರ್ಥನಗರದಲ್ಲಿ ಸದಾಶಿವಯ್ಯನವರೊಬ್ಬರೇ. ವಿಮಾ ಕಚೇರಿಯಿಂದ ನಿವೃತ್ತರಾದ ವರ್ಷ, ಬಾಗಿಲು ಮುಚ್ಚಿದ ಯಾವುದೋ ರೆಸಾರ್ಟಿನವರು ಮಾರುತ್ತಿದ್ದ ಹಳೇ ಫೈಬರ್ ದೋಣಿಯನ್ನು ಹೇರಿಸಿಕೊಂಡು ಬಂದು, ಹೆಂಡತಿಗೆ, “ಮಹದೇವಿ, ಇನ್ನು ನೀನುಂಟು, ನಾನುಂಟು, ಹಿನ್ನೀರುಂಟು” ಎಂದಿದ್ದರು. ಮಹದೇವಮ್ಮ ಬಾಯಲ್ಲಿ ಗೊಣಗಿದರೂ ಒಳಗೊಳಗೇ ಹಿಗ್ಗಿ, ಅಂದೇ ಸಂಜೆ ಬುತ್ತಿಗೆಂದು ಒಂದು ದೊಡ್ಡ ಡಬ್ಬಿ ತೊಳೆದಿಟ್ಟರು.

ಆ ಡಬ್ಬಿ ಹಾಗೇ ಇತ್ತು. ಮೊದಲು ಬಣ್ಣ ಆಗಲಿ ಎಂದರು ಯಜಮಾನರು, ಆಯಿತು. ಮೂತಿಯ ಮೇಲೆ ‘ಮಹದೇವಿ’ ಎಂದು ಹೆಸರೂ ಬರೆಸಿಯಾಯಿತು. ಆಮೇಲೆ ಸೀಟಿಗೆ ಮೆತ್ತೆ ಬೇಕು, ಲೈಫ್ ಜಾಕೆಟ್ ಬೇಕು, ಹೊಸ ಹುಟ್ಟು ಬೇಕು. ಎಲ್ಲ ಬಂದ ಮೇಲೆ ಮಳೆ ಬಂತು, ಮಳೆ ಹೋದ ಮೇಲೆ ಬಿಸಿಲು ಜಾಸ್ತಿಯಾಯಿತು. ಪ್ರತಿ ಆಯುಧಪೂಜೆಗೂ ವಿಭೂತಿ ಬಳಿದು, ಬೂದುಗುಂಬಳ ಒಡೆದು, ಗೇಟು ದಾಟದ ಆ ವಾಹನಕ್ಕೆ ನಿಂಬೆಹಣ್ಣು ಇಟ್ಟಿದ್ದೇ ಇಟ್ಟಿದ್ದು. ಹಾಲಿನವನೂ “ಯಾವಾಗ ತೇಲಿಸ್ತೀರಮ್ಮ?” ಎಂದು ಕೇಳತೊಡಗಿದ.

ಈ ಆಷಾಢದಲ್ಲಿ ದೋಣಿಯೊಳಗೆ ಬೆಕ್ಕು ಮರಿ ಹಾಕಿತು. ಮಹದೇವಮ್ಮನ ತಾಳ್ಮೆ ಅಲ್ಲಿಗೆ ಮುಗಿಯಿತು.

“ಬೆಕ್ಕಿಗಾದ್ರೂ ಉಪಯೋಗಕ್ಕೆ ಬಂತಲ್ಲ, ಪುಣ್ಯ! ಮಾರಿ ಬಿಸಾಕ್ರೀ ಇದನ್ನ!”

ಅಂದದ್ದೇನೋ ಅಂದರು. ಆದರೆ ‘ಮಾರೋದ್ಯಾಕೆ, ನಾಳೆನೇ ಹೋಗೋಣ ನಡಿ’ ಎಂಬ ಒಂದು ಮಾತಿಗೆ ಅವರ ಕಿವಿ ಕಾದಿತ್ತು. ಸದಾಶಿವಯ್ಯನವರು ತಲೆ ಕೆರೆದುಕೊಂಡು, “ಮಾರೋಣ ಬಿಡು” ಎಂದುಬಿಟ್ಟರು. ಮಹದೇವಮ್ಮನಿಗೆ ಅಳುವೂ ಬಂತು, ಸಿಟ್ಟೂ ಬಂತು. ಅತ್ತರೆ ಗೆದ್ದೆನೆಂದುಕೊಂಡಾರೆಂದು ಸಿಟ್ಟನ್ನೇ ಮುಂದೆ ಮಾಡಿದರು.

ಬೆಕ್ಕಿನ ಸಂಸಾರ ಹಿತ್ತಲಿನ ಸಾಮಾನು ಕೋಣೆಗೆ ಹೋಯಿತು. ಇಬ್ಬರೂ ಮುಖ ಮುಖ ನೋಡಿಕೊಳ್ಳದೆ ತೆಂಗಿನ ನಾರಿನಲ್ಲಿ ದೋಣಿ ಉಜ್ಜಿದರು. ಯಜಮಾನರು ತಮ್ಮ ದುಂಡು ಅಕ್ಷರದಲ್ಲಿ ಒಂದು ಬೋರ್ಡು ಬರೆದು ಗೇಟಿಗೆ ತೂಗುಹಾಕಿದರು: ‘ಮಹದೇವಿ ಮಾರಾಟಕ್ಕಿದೆ. ಹಳೆಯದಾದರೂ ಗಟ್ಟಿ. ನಮ್ಮ ಮನೆಗೆ ಬಂದಮೇಲೆ ನೀರು ಮುಟ್ಟಿಲ್ಲ.’

ಎದುರುಮನೆಯ ವರ್ಷಿಣಿ ಅದನ್ನು ಓದಿ ಸ್ಕೂಟರ್ ನಿಲ್ಲಿಸಿ ನಕ್ಕಳು. “ಆಂಟಿ, ನಿಮ್ಮನ್ನ ಮಾರ್ತಿದಾರಾ ಅಂಕಲ್ಲು? ಸ್ನಾನನೂ ಮಾಡಿಲ್ವಂತೆ!”

“ಥೂ ನಿಮ್ಮ!” ಎಂದು ಗಂಡನನ್ನು ಗದರಿ ಮಹದೇವಮ್ಮ ಬೋರ್ಡು ಕಿತ್ತು, ಮೇಲೆ ‘ದೋಣಿ’ ಎಂದು ತಾವೇ ದಪ್ಪಗೆ ಬರೆದು ಮತ್ತೆ ಕಟ್ಟಿದರು.

ಮೊದಲು ಬಂದವನು ನಜರ್‌ಬಾದಿನ ಚಾಟ್ಸ್ ಅಂಗಡಿಯವನು. ಹೇಳಿದ ಬೆಲೆಗೇ ಒಪ್ಪಿದ. ಮಧ್ಯಕ್ಕೆ ಕೊಯ್ದು, ಎತ್ತಿ ನಿಲ್ಲಿಸಿ, ಪಾನಿಪೂರಿ ಕೌಂಟರ್ ಮಾಡುತ್ತಾನಂತೆ.

“ನನ್ನ ಹೆಸರನ್ನ ಕೊಯ್ದು ಪಾನಿಪೂರಿ ಮಾರ್ತೀಯೇನಪ್ಪಾ? ನಡಿ ನಡಿ!” ಎಂದು ಮಹದೇವಮ್ಮ ಅವನನ್ನು ಗೇಟಿನವರೆಗೂ ಬಿಟ್ಟು ಬಂದರು. ಮಾರಲೇಬೇಕೆಂದು ಕೂಗಾಡಿದವರು ತಾವೇ ಅಲ್ಲವೇ ಎಂಬುದು ಆಮೇಲೆ ನೆನಪಾಯಿತು. ಯಜಮಾನರು ಪೇಪರ್ ಹಿಂದೆ ಮುಖ ಮುಚ್ಚಿಕೊಂಡರು.

ಎರಡನೆಯವಳು ಕೆಂಚಮ್ಮ. ಹಿನ್ನೀರಿನ ದಡದ ಊರವಳು, ಬಲೆ ಬಿಡುವವಳು. ಮಡಕೆ ಕೊಳ್ಳುವವರ ಹಾಗೆ ದೋಣಿಯ ಮೈಯೆಲ್ಲ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದಳು.

“ಕುಂತಿರೋ ದೋಣಿ ನೋಡಿ ಎಂಗಮ್ಮ ತಕ್ಕಳಾದು? ನೀರ್ಗೆ ಬುಟ್ಟು ತೋರ್ಸಿ. ತೇಲುದ್ರೆ ಅಲ್ಲೇ ಯಾಪಾರ.”

“ಈಗ ರಾಹುಕಾಲ...” ಎಂದು ಸದಾಶಿವಯ್ಯನವರು ರಾಗ ಎಳೆದರು.

“ಮೀನ್ಗೆ ಯಾವ್ ರಾವುಕಾಲ ಯಜಮಾನ್ರೇ?”

ಗೂಡ್ಸ್ ಆಟೋ ಬಂತು. ದೋಣಿಯನ್ನು ಹಿಂದಕ್ಕೆ ಹೇರುವಷ್ಟರಲ್ಲಿ ಮಹದೇವಮ್ಮ ಚಿತ್ರಾನ್ನ ಕಲಸಿ ಆ ಹಳೇ ಡಬ್ಬಿಗೆ ತುಂಬಿಕೊಂಡಿದ್ದರು.

ನೀರಿಗಿಳಿದ ದೋಣಿ ಒಮ್ಮೆ ಆ ಕಡೆ ಈ ಕಡೆ ವಾಲಿ, ನೆಟ್ಟಗೆ ನಿಂತಿತು. ಕೆಂಚಮ್ಮ ಹತ್ತಿ ಹುಟ್ಟು ಹಿಡಿದಳು. “ನೀವಿಬ್ರೂ ಕುಂತ್ಕಳಿ. ಭಾರ ಬಿದ್ರೆ ತಾನೆ ಸೋರಾದು ಗೊತ್ತಾಗಾದು.”

ಮಹದೇವಮ್ಮ ಸೆರಗು ಸಿಕ್ಕಿಸಿ ಹತ್ತೇಬಿಟ್ಟರು. ಹಿಂತಿರುಗಿ ನೋಡಿದರೆ ಯಜಮಾನರು ದಡದಲ್ಲೇ ಇದ್ದಾರೆ. ಅಲೆ ಹತ್ತಿರ ಬಂದಾಗಲೆಲ್ಲ ಹಿಂದೆ ಸರಿಯುತ್ತಾ, ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಕಟ್ಟಿದ ಕೈಯಲ್ಲೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದಾರೆ. ಬಣ್ಣ, ಮೆತ್ತೆ, ಮಳೆ, ಬಿಸಿಲು, ರಾಹುಕಾಲ ಎಲ್ಲದರ ಗುಟ್ಟೂ ಆ ಕೈಯಲ್ಲಿ ಕಂಡಿತು.

“ಅಯ್ಯೋ ರಾಮ! ನೀರು ಕಂಡ್ರೆ ಭಯನೇನ್ರೀ ನಿಮಗೆ? ಮೊದಲೇ ಹೇಳಬಾರದಿತ್ತಾ?”

“ತಂದ ಮೇಲೆ ಒಬ್ಬನೇ ಹಿನ್ನೀರು ನೋಡೋಕೆ ಬಂದಾಗ ಗೊತ್ತಾಗಿದ್ದು ಕಣೇ. ಹೆಸರು ಬೇರೆ ಬರೆಸಿಬಿಟ್ಟಿದ್ದೆ. ಹೇಗೆ ಹೇಳಲಿ?”

ಇಷ್ಟು ವರ್ಷ ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡಿದ್ದ ಸಿಟ್ಟನ್ನೆಲ್ಲ ಮಹದೇವಮ್ಮ ಅಲ್ಲೇ ನೀರಿಗೆ ಬಿಟ್ಟರು. ಕೈ ಚಾಚಿದರು. “ಬನ್ನಿ, ನಾನಿದ್ದೀನಲ್ಲ.”

ಅವರು ಕಣ್ಣು ಮುಚ್ಚಿಕೊಂಡೇ ಹತ್ತಿದರು. ಕೆಂಚಮ್ಮ ದೊಡ್ಡದೊಂದು ಸುತ್ತು ಹಾಕಿದಳು. ನೀರುಕಾಗೆಗಳು ಎದ್ದು ಹಾರಿದವು. ಅರ್ಧ ದಾರಿಯಲ್ಲಿ ಯಜಮಾನರು ಒಂದು ಕಣ್ಣು ತೆರೆದರು, ಚಿತ್ರಾನ್ನದ ಡಬ್ಬಿ ತೆಗೆದಾಗ ಇನ್ನೊಂದನ್ನೂ ತೆರೆದರು. ಹೆಂಡತಿಯ ಕೈಯನ್ನು ಮಾತ್ರ ಬಿಡಲಿಲ್ಲ. ದೋಣಿಯೊಳಗೆ ಒಂದು ತೊಟ್ಟು ನೀರು ಬರಲಿಲ್ಲ.

ದಡದಲ್ಲೇ ವ್ಯಾಪಾರ ಮುಗಿಯಿತು. “ಎಸ್ರು ಅಳಿಸ್ಲಾ ಅಮ್ಮ?” ಎಂದಳು ಕೆಂಚಮ್ಮ.

“ಬೇಡ ಕಣಮ್ಮ. ಅವಳಾದ್ರೂ ದಿನಾ ತೇಲಲಿ.”

ಆಟೋ ಚಾಲಕನ ಪಕ್ಕ ಒತ್ತಿಕೊಂಡು ಕುಳಿತು ಊರ ಕಡೆ ಬರುವಾಗ ಸದಾಶಿವಯ್ಯನವರು ಹಿಂದಿನ ಖಾಲಿ ಜಾಗವನ್ನು ಮತ್ತೆ ಮತ್ತೆ ತಿರುಗಿ ನೋಡಿದರು. “ಛೆ, ಮಾರಬಾರದಿತ್ತು ಕಣೇ. ಭಯ ಈಗ ತಾನೇ ಹೋಗ್ತಾ ಇತ್ತು.”

ಮಹದೇವಮ್ಮ ಖಾಲಿ ಡಬ್ಬಿಯ ಮುಚ್ಚಳ ಹಾಕಿದರು.

“ಮಾರಿದ್ದಕ್ಕೇ ಅಲ್ವೇನ್ರೀ ಇವತ್ತು ಹತ್ತಿದ್ದು? ತಂದ ವರ್ಷವೇ ಮಾರಿಬಿಟ್ಟಿದ್ದಿದ್ರೆ, ತಂದ ವರ್ಷವೇ ಹೋಗಿ ಬರಬಹುದಾಗಿತ್ತು.”